ಜೋಳಿಗೆ ಕಟ್ಟಿದ ಊರು

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಗಾಣಗಾಪುರದ ಬೀದಿಗಳಲ್ಲಿ ಒಂದು ನೋಟ ಕಾಣಸಿಗುತ್ತದೆ. ಸ್ವಂತ ಕಾರಿನಲ್ಲಿ ಬಂದಿಳಿದ ವ್ಯಾಪಾರಿ, ರಜೆ ಹಾಕಿ ಬಂದ ಸರ್ಕಾರಿ ನೌಕರ, ಕಾಯಿಲೆ ಬಿದ್ದ ಮಗನನ್ನು ಕರೆತಂದ ತಾಯಿ, ಊರೂರು ಅಲೆಯುವ ಬೈರಾಗಿ ಎಲ್ಲರೂ ಕೈಯಲ್ಲಿ ತಟ್ಟೆಯನ್ನೋ ಜೋಳಿಗೆಯನ್ನೋ ಹಿಡಿದು ಭಿಕ್ಷೆಗೆ ನಿಲ್ಲುತ್ತಾರೆ. ಕನಿಷ್ಠ ಐದು ಕಡೆ ಬೇಡಬೇಕೆಂಬುದು ಇಲ್ಲಿನ ನಿಯಮ. ಬೇಡಿದವರು ತಾವೂ ನೀಡಬೇಕೆಂಬುದು ಅದಕ್ಕೆ ಜೋಡಿಯಾದ ಇನ್ನೊಂದು ನಿಯಮ. ಸಾಲಿನಲ್ಲಿ ನಿಂತವರ ನಡುವೆ ಯಾವುದೋ ರೂಪದಲ್ಲಿ ಗುರುವೂ ನಿಂತಿರುತ್ತಾನೆ ಎಂಬ ನಂಬಿಕೆ ಇದಕ್ಕೆ ಆಧಾರ.

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ದತ್ತಾತ್ರೇಯನ ಕ್ಷೇತ್ರವೆಂದು ನಾಡಿನಾಚೆಗೂ ಹೆಸರುವಾಸಿ. ಮಹಾರಾಷ್ಟ್ರದಿಂದ, ಆಂಧ್ರ ಮತ್ತು ತೆಲಂಗಾಣದಿಂದ, ಗುಜರಾತಿನಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಬಂದವರು ಸಂಗಮದಲ್ಲಿ ಮಿಂದು, ಮಠದ ಕಿಂಡಿಯ ಮೂಲಕ ನಿರ್ಗುಣ ಪಾದುಕೆಗಳ ದರ್ಶನ ಪಡೆದು ಹಿಂದಿರುಗುತ್ತಾರೆ. ಆದರೆ ಗಾಣಗಾಪುರ ಬರೀ ಕ್ಷೇತ್ರವಲ್ಲ. ಅದೊಂದು ಹಳ್ಳಿ. ಹೊಲ, ಕಣ, ಅಗಸಿ, ಓಣಿಗಳಿರುವ, ಮಳೆಯನ್ನೂ ಹೊಳೆಯನ್ನೂ ನಂಬಿದ ಬಯಲುಸೀಮೆಯ ಹಳ್ಳಿ. ಈ ಹಳ್ಳಿಯ ಕಥೆ ಕ್ಷೇತ್ರ ಮಹಿಮೆಯ ನೆರಳಿನಲ್ಲಿ ಮರೆಯಾಗಿದೆ. ಸ್ವಲ್ಪ ಹುಡುಕಿದರೆ, ಕ್ಷೇತ್ರವನ್ನು ಆರು ಶತಮಾನಗಳ ಕಾಲ ಹೊತ್ತು ನಿಂತದ್ದು ಈ ಹಳ್ಳಿಯೇ ಎಂಬುದು ಗೊತ್ತಾಗುತ್ತದೆ.

ಎರಡು ಹೊಳೆಗಳ ನಡುವೆ

ಗಾಣಗಾಪುರವನ್ನು ಅರಿಯಲು ಮೊದಲು ನೀರನ್ನು ನೋಡಬೇಕು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಮಹಾರಾಷ್ಟ್ರವನ್ನು ದಾಟಿ ಕರ್ನಾಟಕಕ್ಕೆ ಬಂದು, ಅಫಜಲಪುರ ಸೀಮೆಯನ್ನು ಬಳಸಿ, ಜೇವರ್ಗಿ ತಾಲ್ಲೂಕಿನ ಅಂಚಿನಲ್ಲಿ ಹರಿದು, ಮುಂದೆ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 861 ಕಿಲೋಮೀಟರು. ಅತ್ತ ಆಳಂದ ತಾಲ್ಲೂಕಿನ ಕಡೆಯಿಂದ ಹರಿದು ಬರುವ ಅಮರ್ಜಾ ಎಂಬ ಚಿಕ್ಕ ಹೊಳೆ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಊರಿನಿಂದ ಈ ಸಂಗಮಕ್ಕೆ ಮೂರು ಕಿಲೋಮೀಟರಿನಷ್ಟು ದಾರಿ.

ದೊಡ್ಡ ಹೊಳೆಗೆ ಹೆಸರು ಹೆಚ್ಚು, ಆದರೆ ಪುಣ್ಯಕಥೆ ಚಿಕ್ಕದಕ್ಕೆ ಸಂದಿದೆ. ಇಂದ್ರನು ಒಯ್ಯುತ್ತಿದ್ದ ಕೊಡದಿಂದ ಅಮೃತ ನೆಲಕ್ಕೆ ಚೆಲ್ಲಿ ಅಮರ್ಜೆಯಾಗಿ ಹರಿಯಿತೆಂದು ಸ್ಥಳಪುರಾಣ ಹೇಳುತ್ತದೆ. ಮಳೆ ಕೈಕೊಟ್ಟರೆ ಬತ್ತಿಹೋಗುವ ಹೊಳೆಯನ್ನು ಅಮೃತದಿಂದ ಹುಟ್ಟಿದವಳು ಎಂದು ಕರೆದ ಜನ ನೀರಿನ ಬೆಲೆ ತಿಳಿದವರೇ ಇರಬೇಕು. ಸಂಗಮದಿಂದ ಊರಿನವರೆಗೆ ಷಟ್ಕುಲ, ನರಸಿಂಹ, ಭಾಗೀರಥಿ, ಪಾಪವಿನಾಶಿ, ಕೋಟಿ, ರುದ್ರಪಾದ, ಚಕ್ರ, ಮನ್ಮಥ ಎಂದು ಎಂಟು ತೀರ್ಥಗಳನ್ನು ಗುರುತಿಸಲಾಗಿದೆ. ಹಬ್ಬಹರಿದಿನಗಳಲ್ಲಿ ಭಕ್ತರು ಈ ಎಂಟರಲ್ಲೂ ಮಿಂದು ಬರುತ್ತಾರೆ. ಸಂಗಮದ ಔದುಂಬರ, ಅಂದರೆ ಅತ್ತಿಮರದ ಕೆಳಗೆ ಕುಳಿತು ಏಳು ದಿನ ಗುರುಚರಿತ್ರೆಯ ಪಾರಾಯಣ ಮಾಡುವವರು ವರ್ಷವಿಡೀ ಇರುತ್ತಾರೆ. ಪಕ್ಕದ ಭಸ್ಮದ ಗುಡ್ಡದಿಂದ ಬೂದಿಯನ್ನು ಪ್ರಸಾದವೆಂದು ಒಯ್ಯುತ್ತಾರೆ.

ರಿಜಿಸ್ಟರಿಲ್ಲದ ಊರಿನ ದಾಖಲೆ

ಇಂಗ್ಲೆಂಡಿನ ಯಾವುದೇ ಸಾಮಾನ್ಯ ಹಳ್ಳಿಯ ಇತಿಹಾಸ ಬರೆಯುವವರಿಗೆ ಒಂದು ಅನುಕೂಲವಿದೆ. ಅಲ್ಲಿ ಪ್ರತಿ ಚರ್ಚಿಗೂ ಅದರದೇ ಆದ ಸರಹದ್ದು ಇರುತ್ತದೆ. ಅದನ್ನು ಪ್ಯಾರಿಷ್ ಎನ್ನುತ್ತಾರೆ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್‌ನಲ್ಲಿ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ರಿಜಿಸ್ಟರಿನಲ್ಲಿ ಬರೆದಿಡುವ ಪದ್ಧತಿ ಶುರುವಾಯಿತು. ಕಮ್ಮಾರ, ಕುರುಬ, ಕೂಲಿಯಾಳುಗಳ ಹೆಸರುಗಳೂ ಆ ಪುಟಗಳಲ್ಲಿ ಉಳಿದುಕೊಂಡವು.

ನಮ್ಮ ಹಳ್ಳಿಗಳಿಗೆ ಅಂಥ ರಿಜಿಸ್ಟರಿಲ್ಲ. ಕಲ್ಲಿನ ಶಾಸನಗಳಿವೆ. ಆದರೆ ಅವು ಹೇಳುವುದು ಹೆಚ್ಚಾಗಿ ದಾನ ಕೊಟ್ಟ ಅರಸನನ್ನು, ಪಡೆದ ದೇವಾಲಯವನ್ನು. ಗಾಣಗಾಪುರದ ಅದೃಷ್ಟವೆಂದರೆ ಅದಕ್ಕೊಂದು ಪುಸ್ತಕವಿದೆ. ಅದೇ ಗುರುಚರಿತ್ರೆ.

ಶ್ರೀ ನರಸಿಂಹ ಸರಸ್ವತಿಗಳ ಜೀವನವನ್ನು ಹೇಳುವ ಈ ಮರಾಠಿ ಗ್ರಂಥವನ್ನು ಬರೆದವರು ಸರಸ್ವತಿ ಗಂಗಾಧರ. ಸಂಪ್ರದಾಯದ ಪ್ರಕಾರ ನರಸಿಂಹ ಸರಸ್ವತಿಗಳು 1378ರ ಸುಮಾರಿಗೆ ಈಗಿನ ಮಹಾರಾಷ್ಟ್ರದ ವಾಶೀಮ ಜಿಲ್ಲೆಯ ಕಾರಂಜದಲ್ಲಿ ಹುಟ್ಟಿದರು. ಕಾಶಿಯಲ್ಲಿ ಸನ್ಯಾಸ ಸ್ವೀಕರಿಸಿ, ಕೃಷ್ಣಾ ತೀರದ ನರಸೋಬವಾಡಿಯಲ್ಲಿ 12 ವರ್ಷ ಕಳೆದು, ಬಳಿಕ ಗಾಣಗಾಪುರಕ್ಕೆ ಬಂದರು. ಇಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನೆಲೆಸಿ, 1458-59ರ ವೇಳೆಗೆ ಶ್ರೀಶೈಲದ ಕಡೆಗೆ ಹೊರಟುಹೋದರು. ಮಾಘ ಬಹುಳ ಪಾಡ್ಯದಂದು ಅವರು ಹೊರಟ ದಿನವನ್ನು ಗುರು ಪ್ರತಿಪದೆ ಎಂದು ಇಂದಿಗೂ ಆಚರಿಸಲಾಗುತ್ತದೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ ಇನ್ನೊಂದು ದೊಡ್ಡ ಜಾತ್ರೆ.

ಗುರುಚರಿತ್ರೆ ಭಕ್ತಿಯ ಗ್ರಂಥ, ಪವಾಡಗಳ ಗ್ರಂಥ. ಅದರ ಪವಾಡಗಳನ್ನು ಇತಿಹಾಸವೆಂದು ಎಣಿಸಲಾಗದು. ಆದರೆ ಪವಾಡ ನಡೆಯುವುದಕ್ಕೂ ಒಂದು ಓಣಿ ಬೇಕು, ಹೊಲ ಬೇಕು, ಎಮ್ಮೆ ಬೇಕು. ಕವಿ ಮಹಿಮೆಯನ್ನು ಹೇಳುವ ಭರದಲ್ಲಿ ತನಗರಿವಿಲ್ಲದೆಯೇ ಒಂದು ಹಳ್ಳಿಯ ದಿನಚರಿಯನ್ನು ಬರೆದಿಟ್ಟಿದ್ದಾರೆ. ಆ ದೃಷ್ಟಿಯಿಂದ ಓದಿದರೆ ಇದು ಗಾಣಗಾಪುರದ ರಿಜಿಸ್ಟರು.

ಬಾಡಿಗೆ ಎಮ್ಮೆ, ಎಳೆ ಜೋಳ

ಗ್ರಂಥದ ಪ್ರಕಾರ ಗುರುಗಳು ಗಾಣಗಾಪುರಕ್ಕೆ ಬಂದಾಗ ಊರೊಳಗೆ ಇರಲಿಲ್ಲ. ಸಂಗಮದಲ್ಲಿ ಗುಪ್ತವಾಗಿದ್ದು, ಮಧ್ಯಾಹ್ನ ಮಾತ್ರ ಭಿಕ್ಷೆಗೆ ಊರಿಗೆ ಬರುತ್ತಿದ್ದರು. ಅವರ ಹೆಸರು ಊರಲ್ಲಿ ಹರಡಿದ್ದು ಒಂದು ಎಮ್ಮೆಯಿಂದ. ಬಡ ಬ್ರಾಹ್ಮಣನೊಬ್ಬನ ಮನೆಯಲ್ಲಿ ಹಲ್ಲು ಬಿದ್ದ, ಕರು ಹಾಕದ ಬರಡೆಮ್ಮೆ ಇತ್ತು. ಸವಳು ಮಣ್ಣು ಹೊರಲು ಅದನ್ನು ಬಾಡಿಗೆಗೆ ಕೊಟ್ಟು ಆ ಮನೆಯವರು ಹೊಟ್ಟೆ ಹೊರೆಯುತ್ತಿದ್ದರು. ಮನೆಯೊಡೆಯನೂ ಭಿಕ್ಷೆಗೆ ಹೋಗುವವನೇ. ಗುರುಗಳು ಸಿರಿವಂತರ ಮನೆಗಳನ್ನು ಬಿಟ್ಟು ಈ ಮನೆಯ ಮುಂದೆ ನಿಂತು ಹಾಲು ಬೇಡಿದರು. ಬರಡೆಮ್ಮೆ ಎರಡು ಪಾತ್ರೆ ತುಂಬ ಹಾಲು ಕೊಟ್ಟಿತು. ಮರುದಿನ ಎಂದಿನಂತೆ ಬಾಡಿಗೆಗೆ ಎಮ್ಮೆ ಕೇಳಲು ಬಂದವರು ಇದನ್ನು ಕಂಡು ಬೆರಗಾದರು ಎಂದು ಕಥೆ.

ಪವಾಡವನ್ನು ಪಕ್ಕಕ್ಕಿಟ್ಟು ನೋಡಿದರೆ ಇಲ್ಲಿ ಊರು ಕಾಣುತ್ತದೆ. ದನವನ್ನು ಬಾಡಿಗೆಗೆ ಕೊಡುವ ವ್ಯವಹಾರವಿದೆ. ಬ್ರಾಹ್ಮಣರಲ್ಲೇ ಸಿರಿವಂತರು, ಬಡವರು ಎಂಬ ಭೇದವಿದೆ. ಒಬ್ಬರ ಮನೆಯ ಸುದ್ದಿ ಬೆಳಗಾಗುವುದರೊಳಗೆ ಊರೆಲ್ಲ ತಿಳಿಯುವಷ್ಟು ಚಿಕ್ಕ ಊರು ಅದು.

ಸುದ್ದಿ ಕೇಳಿ ಊರಿನ ಅಧಿಪತಿಯೇ ಬಂದು, ಗುರುಗಳನ್ನು ಪಲ್ಲಕ್ಕಿಯಲ್ಲಿ ಊರೊಳಗೆ ಕರೆತಂದನೆಂದು ಗ್ರಂಥ ಹೇಳುತ್ತದೆ. ಗುರುಗಳು ಆರಿಸಿಕೊಂಡ ಜಾಗವೂ ಗಮನಾರ್ಹ. ಊರಿನ ಪಶ್ಚಿಮದ ಅಗಸಿಯ ಬಳಿ ಒಂದು ಅಶ್ವತ್ಥ ಮರ. ಅದರಲ್ಲಿ ಬ್ರಹ್ಮರಾಕ್ಷಸನಿದ್ದಾನೆಂದು ಹೆದರಿ ಜನ ಪಕ್ಕದ ಮನೆಯನ್ನು ಪಾಳು ಬಿಟ್ಟಿದ್ದರು. ಮಠ ಆದದ್ದು ಅಲ್ಲೇ. ಪ್ರತಿ ಹಳ್ಳಿಯಲ್ಲೂ ಇಂಥದೊಂದು ‘ಗಾಳಿ ಇರುವ’ ಮರ, ಇಂಥದೊಂದು ಪಾಳು ಮನೆ ಇರುತ್ತದೆ. ಊರು ಹೆದರಿ ಬಿಟ್ಟ ಜಾಗದಲ್ಲಿ ಮಠ ನಿಂತಿತು. ಗಾಳಿ ಸೋಂಕಿದೆ ಎಂದು ನಂಬಿದವರನ್ನು ಇಂದಿಗೂ ಗಾಣಗಾಪುರಕ್ಕೆ ಕರೆತರುವ ವಾಡಿಕೆಯ ಬೇರು ಬಹುಶಃ ಈ ಕಥೆಯಲ್ಲೇ ಇದೆ.

ಇನ್ನೊಂದು ಕಥೆ ಒಕ್ಕಲಿಗನದು. ಅವನ ಹೆಸರು ಪರ್ವತೇಶ್ವರ. ಗುರುಗಳು ಮಠದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿ ಅವನ ಹೊಲ. ಹೋಗುವಾಗಲೂ ಬರುವಾಗಲೂ ಅವನು ಬಂದು ಅಡ್ಡಬೀಳುತ್ತಿದ್ದ. ಒಂದು ದಿನ ಗುರುಗಳು, ತಾವು ಸಂಗಮದಿಂದ ತಿರುಗಿ ಬರುವುದರೊಳಗೆ ಹೊಲವನ್ನೆಲ್ಲ ಕೊಯ್ದುಬಿಡು ಎಂದರು. ಜೋಳ ಇನ್ನೂ ಹಸಿರು. ಹೆಂಡತಿ ಮಕ್ಕಳು ಬಾಯಿ ಬಡಿದುಕೊಂಡರು, ಅಧಿಕಾರಿಗೆ ದೂರು ಹೋಯಿತು. ಸರ್ಕಾರದ ಪಾಲಿನ ಧಾನ್ಯವನ್ನು ತಪ್ಪದೆ ಕೊಡುವುದಾಗಿ ಅಧಿಕಾರಿಯನ್ನು ಒಪ್ಪಿಸಿ ಅವನು ಕೊಯ್ದೇಬಿಟ್ಟ. ಮುಂದೆ ಶೀತಗಾಳಿ, ಅಕಾಲದ ಮಳೆಗೆ ಊರಿನ ಬೆಳೆಯೆಲ್ಲ ಹಾಳಾಯಿತು. ಇವನ ಹೊಲದಲ್ಲಿ ಮಾತ್ರ ಕೂಳೆ ಚಿಗುರಿ ಹಲವು ಪಟ್ಟು ರಾಶಿಯಾಯಿತು.

ಈ ಕಥೆಯಲ್ಲಿ ಬರುವ ಭಯಗಳೆಲ್ಲ ಇಂದಿನ ಅಫಜಲಪುರದ ರೈತನಿಗೂ ಗೊತ್ತು. ಕೈಗೆ ಬಂದ ಬೆಳೆ ಹೋಗುವ ಭಯ, ಅಕಾಲದ ಮಳೆಯ ಭಯ, ಬೆಳೆ ಬಂದರೂ ಬಾರದಿದ್ದರೂ ತಪ್ಪದ ಲೆಕ್ಕದ ಭಯ. ಕೂಳೆ ಚಿಗುರುವ ಜೋಳದ ಗುಣವನ್ನು ಬಲ್ಲ ಒಕ್ಕಲುತನದ ನಾಡಿನಲ್ಲಿ ಮಾತ್ರ ಇಂಥ ಪವಾಡ ಹುಟ್ಟಲು ಸಾಧ್ಯ.

ಏಳು ಊರಿನ ದೀಪಾವಳಿ

ಒಂದು ಊರಿನ ಮಠವಾಗಿದ್ದದ್ದು ಸೀಮೆಯ ಮಠವಾದದ್ದು ಹೇಗೆ? ಅದಕ್ಕೂ ಗುರುಚರಿತ್ರೆಯಲ್ಲಿ ಒಂದು ಕಥೆಯಿದೆ. ದೀಪಾವಳಿಗೆ ಏಳು ಊರಿನ ಏಳು ಶಿಷ್ಯರು ಬಂದು, ತಂತಮ್ಮ ಊರಿಗೇ ಬರಬೇಕೆಂದು ಗುರುಗಳನ್ನು ಹಿಡಿದು ಕೂತರು. ಗುರುಗಳು ಒಬ್ಬೊಬ್ಬರಿಗೂ ಗುಟ್ಟಾಗಿ ‘ನಿನ್ನ ಊರಿಗೇ ಬರುತ್ತೇನೆ’ ಎಂದು ಒಪ್ಪಿಕೊಂಡರು. ಹಬ್ಬದ ದಿನ ಏಳೂ ಊರಿಗೆ ಹೋದರು, ಮಠದಲ್ಲೂ ಇದ್ದರು. ಮುಂದೆ ಕಾರ್ತಿಕ ಹುಣ್ಣಿಮೆಗೆ ಎಲ್ಲರೂ ಮಠದಲ್ಲಿ ಸೇರಿದಾಗ, ಗುರುಗಳು ನಮ್ಮಲ್ಲಿಗೆ ಬಂದಿದ್ದರು ಎಂದು ಒಬ್ಬೊಬ್ಬರೂ ವಾದಿಸಿದರು.

ಹಳ್ಳಿಗಳ ನಡುವೆ ಹಬ್ಬದ ಅತಿಥಿಗಾಗಿ ನಡೆಯುವ ಈ ಪೈಪೋಟಿ ಇಂದಿಗೂ ಹೊಸದಲ್ಲ. ಗುಡಿಯೊಂದರ ಸರಹದ್ದನ್ನು ಇಂಗ್ಲೆಂಡಿನಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿದರು. ಇಲ್ಲಿ ಅದನ್ನು ಗುರುತಿಸಿದ್ದು ಗುರು ಉಂಡ ಊರುಗಳ ಕಥೆ.

ಆ ಸರಹದ್ದು ಏಳು ಊರಿಗೂ ನಿಲ್ಲಲಿಲ್ಲ. ಕುಷ್ಠದಿಂದ ಬಳಲುತ್ತಿದ್ದ ನಂದಿಶರ್ಮನೆಂಬವನು ತುಳಜಾಪುರದ ಭವಾನಿಯ ಸೇವೆ ಮಾಡಿ, ಅಲ್ಲಿಂದ ಚಂದ್ರಲಾ ಪರಮೇಶ್ವರಿಯ ಸನ್ನಿಧಿಗೆ ಕಳುಹಿಸಲ್ಪಟ್ಟು, ಕೊನೆಗೆ ಗಾಣಗಾಪುರಕ್ಕೆ ಬಂದನೆಂದು ಗ್ರಂಥ ಹೇಳುತ್ತದೆ. ಚಂದ್ರಲಾ ಪರಮೇಶ್ವರಿಯ ಸನ್ನಿಧಿ ಎಂದರೆ ಇದೇ ಭೀಮಾ ತೀರದ ಸನ್ನತಿ. 1986ರಲ್ಲಿ ಅಶೋಕನ ಶಾಸನ ಸಿಕ್ಕ ನಂತರ ವಿದ್ವಾಂಸರ ಗಮನ ಸೆಳೆದ ಊರು ಅದು. ಶಿವಭಕ್ತನಾದ ನರಹರಿ ಕವಿಯ ಕಥೆಯೂ ಇದೆ. ಅವನು ಹಿಪ್ಪರಗಿಯ ಕಲ್ಲೇಶ್ವರನನ್ನು ಬಿಟ್ಟು ಬೇರೆ ಯಾರನ್ನೂ ಹಾಡಿ ಹೊಗಳೆನೆಂದು ಹಟ ಹಿಡಿದವನು. ಕೊನೆಗೆ ಗುರುವಿನಲ್ಲೇ ಕಲ್ಲೇಶ್ವರನನ್ನು ಕಂಡು ಒಲಿದನಂತೆ. ತುಳಜಾಪುರದ ದೇವಿ, ಸನ್ನತಿಯ ದೇವಿ, ಕಲ್ಲೇಶ್ವರ, ಶ್ರೀಶೈಲದ ಮಲ್ಲಿಕಾರ್ಜುನ ಎಲ್ಲರೂ ಒಂದೇ ದಾರಿಯ ನಿಲ್ದಾಣಗಳು. ಯಾರನ್ನೂ ತಳ್ಳದೆ, ಎಲ್ಲರ ಭಕ್ತರನ್ನೂ ಸ್ವೀಕರಿಸಿ ಗಾಣಗಾಪುರ ಬೆಳೆಯಿತು.

ಅಳಿಸದೆ ಉಳಿದ ಗೆರೆ

ಹಾಗೆಂದು ಅಂದಿನ ಊರು ಸಮಾನತೆಯ ಊರಾಗಿತ್ತು ಎಂದುಕೊಳ್ಳುವಂತಿಲ್ಲ. ಗ್ರಂಥದಲ್ಲಿ ಬರುವ ಇನ್ನೊಂದು ಪ್ರಸಂಗ ಇದನ್ನು ಹೇಳುತ್ತದೆ. ವೇದ ಬಲ್ಲೆವೆಂದು ಬೀಗುತ್ತಿದ್ದ ಇಬ್ಬರು ಪಂಡಿತರು ವಾದಕ್ಕೆ ಬಂದಾಗ, ಗುರುಗಳು ದಾರಿಯಲ್ಲಿ ಹೋಗುತ್ತಿದ್ದ ಅಸ್ಪೃಶ್ಯನೆನಿಸಿದ ಒಬ್ಬನನ್ನು ಕರೆಸಿದರು. ನೆಲದ ಮೇಲೆ ಏಳು ಗೆರೆ ಎಳೆದು ಒಂದೊಂದನ್ನೇ ದಾಟಿಸಿದರು. ಪ್ರತಿ ಗೆರೆ ದಾಟಿದಂತೆ ಅವನಿಗೆ ಹಿಂದಿನ ಜನ್ಮದ ನೆನಪು ಬಂತು. ಕೊನೆಯ ಗೆರೆ ದಾಟಿದಾಗ ಅವನು ವೇದ ಹೇಳತೊಡಗಿದ. ಪಂಡಿತರ ಗರ್ವ ಇಳಿಯಿತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ತನ್ನ ಹೆಂಡತಿ ಮಕ್ಕಳ ಬಳಿಗೆ ಹೋಗಲೊಲ್ಲದೆ ನಿಂತಾಗ, ಮೈಮೇಲಿನ ಭಸ್ಮವನ್ನು ನೀರಿನಿಂದ ತೊಳೆಸಿ, ಅವನ ನೆನಪನ್ನೂ ತೊಳೆದು, ಅವನ ಕೇರಿಗೇ ಕಳುಹಿಸಲಾಯಿತು. ಎಳೆದ ಗೆರೆಗಳನ್ನು ಅವನು ದಾಟಿದ್ದು ಒಂದು ಮಧ್ಯಾಹ್ನದ ಮಟ್ಟಿಗೆ ಮಾತ್ರ. ಇದಕ್ಕೂ ಮೂರು ಶತಮಾನ ಹಿಂದೆ ಇದೇ ಸೀಮೆಗೆ ದೂರವಲ್ಲದ ಕಲ್ಯಾಣದಲ್ಲಿ ಶರಣರು ಆ ಗೆರೆಯನ್ನೇ ಅಳಿಸಲು ಹೊರಟಿದ್ದರು. ಗುರುಚರಿತ್ರೆಯ ಹಳ್ಳಿ ಅಷ್ಟು ದೂರ ನಡೆಯಲಿಲ್ಲ. ಮಠದಂಗಳ ಗುಡಿಸುವ ನೇಕಾರನಿಗೆ, ಒಕ್ಕಲಿಗನಿಗೆ, ಅಗಸನಿಗೆ ಕೃಪೆ ಸಿಕ್ಕಿತು. ಊರಿನ ಓಣಿಗಳು ಮಾತ್ರ ಇದ್ದಲ್ಲೇ ಉಳಿದವು. ಹಳ್ಳಿಯ ಇತಿಹಾಸ ಬರೆಯುವವರು ಈ ಪುಟವನ್ನು ಹಾರಿಸುವಂತಿಲ್ಲ.

ಅರಸನ ಪಟ್ಟಣ, ಭಿಕ್ಷುವಿನ ಹಳ್ಳಿ

ಗಾಣಗಾಪುರದಿಂದ ಭೀಮೆಯ ಹರಿವಿನ ಜೊತೆಗೇ ಕೆಳಗೆ ಹೋದರೆ, ಕಲಬುರಗಿ-ಜೇವರ್ಗಿ ದಾರಿಯ ಸಮೀಪ, ಹೊಳೆಯ ದಂಡೆಯಲ್ಲಿ ಫಿರೋಜಾಬಾದ್ ಸಿಗುತ್ತದೆ. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಕಟ್ಟಿಸಿದ ಅರಮನೆ ಪಟ್ಟಣ ಅದು. ಒಂದು ಕಡೆ ಭೀಮೆ, ಉಳಿದ ಮೂರು ಕಡೆ ದಪ್ಪ ಕಲ್ಲಿನ ಕೋಟೆ, ಒಳಗೆ ದೊಡ್ಡ ಮಸೀದಿ, ಅರಮನೆ, ಹಮಾಮುಗಳು. ಫಿರೋಜ್ ಷಾ ಗದ್ದುಗೆ ಬಿಟ್ಟ 1422ರ ನಂತರ ಬಹಮನಿಗಳ ರಾಜಧಾನಿ ಬೀದರಿಗೆ ಹೋಯಿತು. ಪಟ್ಟಣ ಬರಿದಾಯಿತು. ಇಂದು ಅಲ್ಲಿ ಮುರಿದ ಗೋಡೆಗಳಿವೆ, ಒಂದು ಚಿಕ್ಕ ಹಳ್ಳಿಯಿದೆ, ಹೊಲಗಳಿವೆ.

ಸಂಪ್ರದಾಯದ ಕಾಲಗಣನೆ ಸರಿಯಾಗಿದ್ದರೆ, ಫಿರೋಜಾಬಾದ್ ಬರಿದಾದ ಕೆಲವೇ ವರ್ಷಗಳಲ್ಲಿ ಅದೇ ಹೊಳೆಯ ಮೇಲ್ಭಾಗದಲ್ಲಿ ಒಬ್ಬ ಸನ್ಯಾಸಿ ಜೋಳಿಗೆ ಹಿಡಿದು ಬಡವನ ಬಾಗಿಲಲ್ಲಿ ನಿಂತಿದ್ದ. ಅರಸ ಹಣವನ್ನೂ ಆಳುಗಳನ್ನೂ ತಂದು ಊರು ಕಟ್ಟಿದ. ಅವನು ಹೊರಟಾಗ ಅವೂ ಹೊರಟವು. ಸನ್ಯಾಸಿ ತಂದದ್ದು ಏನೂ ಇಲ್ಲ. ಇದ್ದ ಊರಿನ ಇದ್ದ ಬಾಗಿಲುಗಳಲ್ಲಿ ನಿಂತ. ಅವನು ಹೊರಟಾಗ ಬಾಗಿಲುಗಳು ಉಳಿದವು, ದಿನವೂ ನೀಡುವ ವಾಡಿಕೆ ಉಳಿಯಿತು. ಹೊರಡುವಾಗ ಗುರುಗಳು, ಮಧ್ಯಾಹ್ನದ ಭಿಕ್ಷೆಗೆ ನಿತ್ಯವೂ ಗಾಣಗಾಪುರಕ್ಕೆ ಬರುವೆನೆಂದು ಹೇಳಿ ಹೋದರೆಂಬ ನಂಬಿಕೆ ಆ ವಾಡಿಕೆಯನ್ನು ಭದ್ರಪಡಿಸಿತು. ಬಂದವರಿಗೆ ಇಲ್ಲವೆನ್ನಬಾರದು, ಬಂದವನು ಅವನೇ ಇರಬಹುದು. ಹೀಗೆ ಭಿಕ್ಷೆ ಊರಿನ ಕಾನೂನಾಯಿತು. ಹೂವಿನಿಂದ ಹೂವಿಗೆ ಹೋಗಿ, ಹೂವಿಗೆ ನೋವಾಗದಂತೆ ತುಸು ತುಸುವೇ ಜೇನು ಕೂಡಿಸುವ ದುಂಬಿಯ ಹೆಸರಿನಿಂದ ಇದಕ್ಕೆ ‘ಮಧುಕರಿ’ ಎಂದು ಹೆಸರು.

ಬೀದರಿನ ಸುಲ್ತಾನನೂ ಗುರುಚರಿತ್ರೆಯಲ್ಲಿ ಬರುತ್ತಾನೆ. ಹಿಂದಿನ ಜನ್ಮದಲ್ಲಿ ಅಗಸನಾಗಿದ್ದು ಗುರುವಿನ ಸೇವೆ ಮಾಡಿದ ಫಲವಾಗಿ ಅರಸನಾಗಿ ಹುಟ್ಟಿದವನು ಅವನು. ತೊಡೆಯ ಮೇಲೆ ಎದ್ದ ಹುಣ್ಣು ವಾಸಿಯಾಗದೆ ಗುರುವನ್ನು ಹುಡುಕಿಕೊಂಡು ಗಾಣಗಾಪುರಕ್ಕೆ ಬರುತ್ತಾನೆ. ಅರಸನೂ ಹಳ್ಳಿಗೆ ಬಂದು ಬೇಡಬೇಕಾಯಿತು ಎಂಬುದೇ ಈ ಕಥೆಯ ತಿರುಳು.

ಮನೆಮಾತು ಕನ್ನಡ, ಪೋಥಿ ಮರಾಠಿ

ಗಾಣಗಾಪುರದ ಇನ್ನೊಂದು ವಿಶೇಷ ಅದರ ಭಾಷೆ. ಸುತ್ತಲಿನ ಜನರ ಮಾತು ಕಲಬುರಗಿ ಸೀಮೆಯ ಕನ್ನಡ. ಮಠದಲ್ಲಿ ಪಾರಾಯಣವಾಗುವ ಗ್ರಂಥ ಮರಾಠಿ. ಇದರಿಂದ ಇದು ಮರಾಠಿಗರ ಕ್ಷೇತ್ರವೆಂಬ ಭಾವನೆ ಹೊರಗೆ ಬೇರೂರಿದೆ. ಆದರೆ ಆ ಮರಾಠಿ ಗ್ರಂಥದ ಒಳಗೇ ಕನ್ನಡವಿದೆ.

ಗ್ರಂಥಕರ್ತ ಸರಸ್ವತಿ ಗಂಗಾಧರ ತನಗೆ ಮರಾಠಿ ಬಾರದೆಂದು ಆರಂಭದಲ್ಲೇ ವಿನಯದಿಂದ ಹೇಳಿಕೊಳ್ಳುತ್ತಾರೆ. ಅವರ ಮನೆಮಾತು ಕನ್ನಡವೆಂದು ಹಲವರು ನಂಬುತ್ತಾರೆ. ಅವರ ಪೂರ್ವಜ ಸಾಯಂದೇವ ನರಸಿಂಹ ಸರಸ್ವತಿಗಳ ನೇರ ಶಿಷ್ಯ. ಆ ಮನೆತನದ ಊರನ್ನು ಆಳಂದ ತಾಲ್ಲೂಕಿನ ಕಡಗಂಚಿ ಎಂದು ಗುರುತಿಸಲಾಗಿದ್ದು, ಅಲ್ಲಿಯೂ ದತ್ತನ ಗುಡಿಯಿದೆ. ಗ್ರಂಥದ 41ನೇ ಅಧ್ಯಾಯದಲ್ಲಿ ಗುರುವನ್ನು ಸ್ತುತಿಸುವ ಸಾಯಂದೇವನ ಪದಗಳು ಅಚ್ಚ ಕನ್ನಡದಲ್ಲಿವೆ. ಮರಾಠಿ ಓವಿಗಳ ನಡುವೆ ಈ ಕನ್ನಡ ಪದಗಳು ಬಂದಾಗ, ಮಹಾರಾಷ್ಟ್ರದ ಮೂಲೆಯ ಭಕ್ತರೂ ಅರ್ಥ ತಿಳಿಯಲಿ ಬಿಡಲಿ, ಅವನ್ನು ಹಾಗೆಯೇ ಓದುತ್ತಾರೆ. ಕನ್ನಡಿಗರಿಗಾಗಿ ಗುರುಚರಿತ್ರೆಯ ಕನ್ನಡ ರೂಪಗಳೂ ಬಂದಿವೆ. ಅದೇ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ.

ನಿಜಾಮರ ಕಾಲದಲ್ಲಿ ಇದಕ್ಕೆ ಮೂರನೆಯ ಭಾಷೆ ಸೇರಿತು. 19ನೇ ಶತಮಾನದ ಕೊನೆಯ ಭಾಗದಿಂದ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ಹೊಲದ ಮಾತು ಕನ್ನಡ, ದೇವರ ಪೋಥಿ ಮರಾಠಿ, ಕಚೇರಿಯ ಕಾಗದ ಉರ್ದು ಎಂಬುದು ಅಂದಿನ ಸ್ಥಿತಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ದತ್ತ ಸಂಪ್ರದಾಯದ ಇನ್ನೊಂದು ಕ್ಷೇತ್ರವಾದ ನೆರೆಯ ಅಕ್ಕಲಕೋಟೆ ಆಚೆ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಗಡಿಯ ವಾದ ಏನೇ ಇರಲಿ, ಬೆಳಿಗ್ಗೆ ಅಕ್ಕಲಕೋಟೆಯಲ್ಲಿ ದರ್ಶನ ಮಾಡಿ ಮಧ್ಯಾಹ್ನದ ಮಧುಕರಿಗೆ ಗಾಣಗಾಪುರ ಸೇರುವ ಭಕ್ತರಿಗೆ ಅದು ಒಂದೇ ಸೀಮೆ.

ರೈಲು ಬಂದ ಮೇಲೆ

ಬಹುಕಾಲ ಗಾಣಗಾಪುರಕ್ಕೆ ಬರುವವರು ನಡೆದೋ, ಚಕ್ಕಡಿಯಲ್ಲೋ ಬರುತ್ತಿದ್ದರು. 1871ರಲ್ಲಿ ಮುಂಬಯಿ ಕಡೆಯ ರೈಲುದಾರಿ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡಿತು. ಈ ದಾರಿಯಲ್ಲಿ ಗಾಣಗಾಪುರ ರೋಡ್ ಎಂಬ ನಿಲ್ದಾಣವೇ ಆಯಿತು. ಊರು ಅಲ್ಲಿಂದ ಸುಮಾರು 20 ಕಿಲೋಮೀಟರು ದೂರ. ಆದರೂ ಹೆಸರು ರೈಲ್ವೆ ಟೈಮ್‌ಟೇಬಲ್ಲಿಗೆ ಏರಿದ್ದೇ ತಡ, ಮುಂಬಯಿ, ಪುಣೆಯ ಭಕ್ತರಿಗೆ ಗಾಣಗಾಪುರ ಹತ್ತಿರವಾಯಿತು.

ಯಾತ್ರಿಕರು ಹೆಚ್ಚಿದಂತೆ ಊರಿನ ಕಸುಬೂ ಬದಲಾಯಿತು. ಪೂಜೆ, ಪಾರಾಯಣ, ವಸತಿ, ಹೂವು ಕಾಯಿ, ವಾಹನ ಇವೆಲ್ಲ ಊರಿಗೆ ಅನ್ನ ಕೊಡುವ ದಾರಿಗಳಾದವು. ದೇವಸ್ಥಾನ ಈಗ ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿದೆ, ಪೂಜೆ ಪರಂಪರೆಯ ಅರ್ಚಕ ಮನೆತನಗಳದು. ನಿರ್ಗುಣ ಪಾದುಕೆಗಳಿಗೆ ನೀರಿನ ಅಭಿಷೇಕವಿಲ್ಲ. ಕೇಸರಿ, ಅಷ್ಟಗಂಧ, ಅತ್ತರಿನ ಲೇಪನ ಮಾತ್ರ.

ಮಧುಕರಿಯೂ ಬದಲಾಗಿದೆ. ಒಂದು ಕಾಲಕ್ಕೆ ಅದು ಊರಿನ ಮನೆ ಮನೆಯ ಒಲೆಯಿಂದ ಬರುತ್ತಿತ್ತು. ರೊಟ್ಟಿ ಯಾರದು, ಪಲ್ಯ ಯಾರದು ಎಂದು ಬೇಡಿದವನಿಗೂ ಗೊತ್ತಿರುತ್ತಿತ್ತು. ಈಗ ಬಹುಪಾಲು ಹೊರಗಿನ ಭಕ್ತರು ಹಣ ಕೊಟ್ಟು ಮಾಡಿಸಿದ ಅಡುಗೆಯನ್ನು ಹೊರಗಿನ ಭಕ್ತರೇ ಸಾಲಿನಲ್ಲಿ ನಿಂತು ಬೇಡುತ್ತಾರೆ. ನೀಡುವವನೂ ಯಾತ್ರಿಕ, ಬೇಡುವವನೂ ಯಾತ್ರಿಕ. ಇದರಲ್ಲಿ ತಪ್ಪೇನೂ ಇಲ್ಲ. ಅಷ್ಟು ಜನರಿಗೆ ಒಂದು ಹಳ್ಳಿಯ ಒಲೆಗಳು ಸಾಲುವುದೂ ಇಲ್ಲ. ಆದರೆ ನಡುವಿನಿಂದ ಊರು ಮೆಲ್ಲಗೆ ಸರಿದು ನಿಂತಿದೆ. ಬಾಗಿಲಿಗೆ ಬಂದವನನ್ನು ಗುರುವೆಂದು ಕಂಡ ಊರಿಗೆ, ಬಂದವನು ಗಿರಾಕಿಯಾಗಿ ಮಾತ್ರ ಕಾಣುವ ಕಾಲ ಬಂದರೆ ಮಧುಕರಿಯ ಹೆಸರು ಉಳಿದೀತು, ಅರ್ಥ ಉಳಿಯಲಾರದು.

ಹೊಳೆಯ ಋಣ

ಅದಕ್ಕಿಂತ ದೊಡ್ಡ ಚಿಂತೆ ನೀರಿನದು. ಅಮರ್ಜೆಗೆ ಆಳಂದ ತಾಲ್ಲೂಕಿನ ಕೊರಳ್ಳಿ ಬಳಿ ಅಣೆಕಟ್ಟೆಯಿದೆ. ಭೀಮೆಗೆ ಮೇಲೆ ಮಹಾರಾಷ್ಟ್ರದಲ್ಲಿ ಉಜ್ಜನಿ ಜಲಾಶಯ, ಕೆಳಗೆ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಬ್ಯಾರೇಜು. ಇವುಗಳಿಂದ ಆಳಂದ, ಅಫಜಲಪುರ ಭಾಗದ ಹೊಲಗಳಿಗೆ ನೀರು ಬಂದದ್ದು, ಜೋಳ ತೊಗರಿಯ ಸೀಮೆಯಲ್ಲಿ ಕಬ್ಬು ಎದ್ದದ್ದು ನಿಜ. ಆದರೆ ಹೊಳೆಯ ಗುಣ ಬದಲಾಗಿದೆ. ಬೇಸಿಗೆಯಲ್ಲಿ ಭೀಮೆ ಬತ್ತಿ, ದಂಡೆಯ ಊರುಗಳೇ ಕುಡಿಯುವ ನೀರಿಗಾಗಿ ಮೇಲಿನ ಜಲಾಶಯಗಳ ಕಡೆ ನೋಡಬೇಕಾಗುತ್ತದೆ. ಮಳೆಗಾಲದಲ್ಲಿ ಅದೇ ಜಲಾಶಯಗಳಿಂದ ನೀರು ಬಿಟ್ಟಾಗ ಹೊಳೆ ಉಕ್ಕಿ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭೀಮಾ ತೀರದ ಹಳ್ಳಿಗಳು ನೀರಿನಲ್ಲಿ ನಿಂತವು. ಗಾಣಗಾಪುರದ ಸಂಗಮವೂ ಮುಳುಗಿತು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ದಂಡೆ ಮೀರಿ, ಕಟಾವಿಗೆ ಬಂದಿದ್ದ ಬೆಳೆಗಳು ಹೋದವು.

ಪರ್ವತೇಶ್ವರನ ಕಥೆಯಲ್ಲಿ ಊರಿನ ಬೆಳೆಯೆಲ್ಲ ಹೋದ ಮೇಲೆ, ಅವನು ತನ್ನ ರಾಶಿಯಲ್ಲಿ ಅಧಿಕಾರಿಗೆ ಕೊಡಬೇಕಾದ್ದನ್ನು ಕೊಟ್ಟು, ಉಳಿದದ್ದನ್ನು ಬ್ರಾಹ್ಮಣರಿಗೂ ಹಂಚಿ, ಮಿಕ್ಕಿದ್ದನ್ನು ಮನೆಗೆ ಒಯ್ದನಂತೆ. ಒಬ್ಬನ ಕಣದ ರಾಶಿ ಅವನೊಬ್ಬನದಲ್ಲ ಎಂಬ ಅರಿವು ಆ ಕಥೆ ಕಟ್ಟಿದವರಿಗಿತ್ತು. ಗಾಣಗಾಪುರದ ಯಾತ್ರೆಗೆ ರಸ್ತೆ, ಯಾತ್ರಿ ನಿವಾಸ, ಸ್ನಾನಘಟ್ಟಗಳ ಬಗ್ಗೆ ಆಗಾಗ ಚರ್ಚೆ ನಡೆಯುತ್ತದೆ. ನಡೆಯಬೇಕಾದ್ದೇ. ಅದರ ಜೊತೆಗೆ ಸಂಗಮಕ್ಕೆ ವರ್ಷವಿಡೀ ನೀರು, ಹೊಳೆ ಉಕ್ಕಿದಾಗ ಜನರಿಗೆ ನೆಲೆ, ಊರಿನ ಓಣಿಗಳಿಗೆ ಚರಂಡಿ, ಹೊಲ ಕಳೆದುಕೊಂಡವನಿಗೆ ಪರಿಹಾರ ಇವೂ ಕ್ಷೇತ್ರದ ಅಭಿವೃದ್ಧಿಯೇ ಎಂದು ಎಣಿಸಬೇಕು.

ಫಿರೋಜಾಬಾದಿನ ಗೋಡೆಗಳನ್ನು ಪ್ರಾಚ್ಯವಸ್ತುವೆಂದು ಕಾಪಾಡಬಹುದು. ಗಾಣಗಾಪುರವನ್ನು ಹಾಗೆ ಕಾಪಾಡಲಾಗದು. ಅದರ ಪ್ರಾಚೀನತೆ ಇರುವುದು ಕಲ್ಲಿನಲ್ಲಲ್ಲ, ಮಧ್ಯಾಹ್ನದ ಹೊತ್ತಿಗೆ ಒಲೆ ಹೊತ್ತಿ ಬಾಗಿಲು ತೆರೆಯುವುದರಲ್ಲಿ. ಬೇಡುವವರು ಎಷ್ಟು ದೂರದಿಂದ ಬಂದರೂ, ನೀಡುವ ಊರೊಂದು ಅಲ್ಲಿ ಬದುಕಿರಬೇಕು.